ದಾರಿಯಿಂದ ಬರೆದದ್ದು, ಮರಳಿ ಬಂದು ಬರೆದದ್ದು: ಪ್ರವಾಸಿ ಮತ್ತು ಓದುಗರ ನಡುವಿನ ಪತ್ರಗಳು

ಇವತ್ತಿನ ಸೆಮಿನಾರಿಗೆ ನಾನು ಆಯ್ದುಕೊಂಡ ವಿಷಯ, ಪ್ರವಾಸದಲ್ಲಿದ್ದವರು ಊರಲ್ಲಿರುವ ಓದುಗರಿಗೆ ಆಗಾಗ ಸುದ್ದಿ ತಿಳಿಸುತ್ತಾ ಬಂದ ಬಗೆ. ಪ್ರವಾಸಕಥನದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಅಚ್ಚಾದ ಪುಸ್ತಕಗಳನ್ನೇ ನೋಡ್ತೀವಿ. ಆದರೆ ದಾರಿಯಲ್ಲಿದ್ದಾಗಲೇ ಬರೆದು ಕಳಿಸಿದ್ದು ಬೇರೆ, ಮರಳಿ ಬಂದು ಮನೆಯಲ್ಲಿ ಕೂತು ಬರೆದದ್ದು ಬೇರೆ. ಎರಡರಲ್ಲೂ ಊರು, ಜನ, ಊಟ, ಹವಾಮಾನ ಎಲ್ಲಾ ಇರ್ತದ. ವ್ಯತ್ಯಾಸ ಓದುಗನ ಸ್ಥಾನದಲ್ಲಿದೆ ಅನ್ನೋದು ನನ್ನ ವಾದ.

ಕರ್ನಾಟಕಕ್ಕೆ ಸಂಬಂಧಿಸಿದ ಒಂದು ಉದಾಹರಣೆಯಿಂದ ಶುರು ಮಾಡ್ತೀನಿ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಹೆರ್ಮನ್ ಮೋಗ್ಲಿಂಗ್ ಬಂದದ್ದು 1836ರಲ್ಲಿ. ಈ ಮಿಷನರಿಗಳು ತಮ್ಮ ಕೆಲಸದ, ಓಡಾಟದ ವರದಿಗಳನ್ನು ಬಾಸೆಲ್‌ಗೆ ಕಳಿಸ್ತಿದ್ದರು. 1828ರಿಂದ ಅಲ್ಲಿ ಹೊರಡುತ್ತಿದ್ದ 'ಹೈಡೆನ್‌ಬೋಟೆ' ಎಂಬ ಪತ್ರಿಕೆ ಇಂಥ ಸುದ್ದಿಯನ್ನು ಮಿಷನ್ನಿಗೆ ಹಣ ಕೊಡುವ ಜನರಿಗೆ ಮುಟ್ಟಿಸ್ತಿತ್ತು. ಅಂದರೆ ನಮ್ಮ ಕರಾವಳಿಯ ಜನ ಮೊದಲು ಆ ಬರಹಗಳ ವಸ್ತುವಾದರು, ಓದುಗರಾಗಲಿಲ್ಲ. ಅದೇ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಶುರು ಮಾಡಿದಾಗ ಕನ್ನಡದವರೂ ಪತ್ರಿಕೆಯ ಓದುಗರಾದರು. ಅಲ್ಲಿಂದ ಬರೆಯುವವನು ಯಾರು, ಕಾಯುವವನು ಯಾರು ಅನ್ನೋ ಪ್ರಶ್ನೆ ನಮ್ಮ ಭಾಷೆಗೂ ಬಂತು.

ಎರಡನೆಯದು ಎಲ್ಲರಿಗೂ ಗೊತ್ತಿರುವ ಪ್ರವಾಸ, ಆದರೆ ನಾವು ಅದನ್ನು ಓದುಗರ ಕಡೆಯಿಂದ ನೋಡುವುದು ಕಡಿಮೆ. ಸ್ವಾಮಿ ವಿವೇಕಾನಂದರು 1893ರ ಫೆಬ್ರವರಿಯಲ್ಲಿ ಸಿಕಂದರಾಬಾದಿನ ಮಹಬೂಬ್ ಕಾಲೇಜಿನಲ್ಲಿ ಮಾತಾಡಿ, ಮೇ 31ರಂದು ಮುಂಬಯಿಯಿಂದ ಹಡಗು ಹತ್ತಿದರು. ಜುಲೈ 10ರಂದು ಜಪಾನಿನ ಯೊಕೊಹಾಮಾದಿಂದ ಮದ್ರಾಸಿನ ಗೆಳೆಯರಿಗೆ ಒಂದು ಪತ್ರ ಬರೀತಾರೆ. ಅದರ ಆರಂಭದಲ್ಲೇ, ತನ್ನ ಓಡಾಟದ ಸುದ್ದಿಯನ್ನು ಮೇಲಿಂದ ಮೇಲೆ ತಿಳಿಸಲು ಆಗಲಿಲ್ಲ ಅಂತ ಕ್ಷಮೆ ಕೇಳ್ತಾರೆ. ಆಮೇಲೆ ಕೊಲಂಬೊ, ಪೆನಾಂಗ್, ಸಿಂಗಪುರ, ಹಾಂಗ್‌ಕಾಂಗ್, ಕ್ಯಾಂಟನ್ ಹೀಗೆ ಕಂಡದ್ದನ್ನೆಲ್ಲ ವಿವರಿಸ್ತಾರೆ.

ಆ ಪತ್ರ ತಲುಪಿದವರಲ್ಲಿ ಮುಖ್ಯರು ಅಳಸಿಂಗ ಪೆರುಮಾಳ್. ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ, ಮದ್ರಾಸಿನಲ್ಲಿ ಮೇಷ್ಟ್ರು. ಸ್ವಾಮೀಜಿಯ ಪ್ರಯಾಣಕ್ಕೆ ಮನೆಮನೆಗೆ ಹೋಗಿ ಚಂದಾ ಎತ್ತಿದವರು ಇವರೇ. ಹಾಗಾಗಿ ಸುದ್ದಿ ತಿಳಿಸುವುದು ಬರೀ ಸೌಜನ್ಯ ಅಲ್ಲ, ಒಂದು ರೀತಿ ಋಣ. ನಂತರ ಏನಾಯ್ತು ನೋಡಿ. ಶಿಕಾಗೊ ಮುಟ್ಟಿದ ಮೇಲೆ ಸರ್ವಧರ್ಮ ಸಮ್ಮೇಳನ ಸೆಪ್ಟೆಂಬರಿನಲ್ಲಿ ಅಂತ ಗೊತ್ತಾಯ್ತು. ಕೈಯಲ್ಲಿ ಪರಿಚಯಪತ್ರವಿಲ್ಲ, ದುಡ್ಡು ಕರಗುತ್ತಿದೆ. ಆಗಸ್ಟ್ 20ರಂದು ಮ್ಯಾಸಚೂಸೆಟ್ಸ್‌ನಿಂದ ಅಳಸಿಂಗರಿಗೆ ಬರೆದ ಪತ್ರದಲ್ಲಿ ಚಳಿ, ಖರ್ಚು, ಆತಂಕ ಎಲ್ಲಾ ಇದೆ. ಇಲ್ಲಿ ಉಳಿಸಲು ಆಗದಿದ್ದರೆ ಈ ದೇಶದಿಂದ ಹೊರಡಲಾದರೂ ದುಡ್ಡು ಕಳಿಸಿ ಅನ್ನೋ ಮಾತೂ ಇದೆ. ಸಮ್ಮೇಳನ ಶುರುವಾದದ್ದು ಸೆಪ್ಟೆಂಬರ್ 11ಕ್ಕೆ. ಗೆದ್ದ ಕಥೆಯನ್ನು ಅಳಸಿಂಗರಿಗೆ ಬರೆದದ್ದು ನವೆಂಬರ್ 2ಕ್ಕೆ.

ನಮಗೆ ಇವತ್ತು ಕಥೆಯ ಕೊನೆ ಗೊತ್ತು. ಆಗಸ್ಟ್ 20ಕ್ಕೆ ಬರೆದವರಿಗೆ ಗೊತ್ತಿರಲಿಲ್ಲ, ಓದಿದವರಿಗೂ ಗೊತ್ತಿರಲಿಲ್ಲ. ಹಡಗಿನಂಚೆ ಮದ್ರಾಸು ಮುಟ್ಟಲು ವಾರಗಟ್ಟಲೆ ಬೇಕು. ಓದುವ ಹೊತ್ತಿಗೆ ಅಲ್ಲಿಯ ಪರಿಸ್ಥಿತಿಯೇ ಬದಲಾಗಿರಬಹುದು. ಆದರೂ ಓದಿದವರು ಏನಾದರೂ ಮಾಡಬೇಕು. ದಾರಿಯಿಂದ ಬರೆದ ಬರಹದ ಗುಣ ಇದೇ: ಓದುಗನ ಮೇಲೆ ಒಂದು ಹೊಣೆ ಬೀಳ್ತದ. ಮುಂದೆ 1895ರಲ್ಲಿ ಅದೇ ಅಳಸಿಂಗರು ಮದ್ರಾಸಿನಿಂದ 'ಬ್ರಹ್ಮವಾದಿನ್' ಪತ್ರಿಕೆ ಹೊರಡಿಸಿದರು. ಪತ್ರಕ್ಕೆ ಕಾಯುತ್ತಿದ್ದವರು ಪತ್ರಿಕೆ ನಡೆಸುವವರಾದರು. 1899ರ ಎರಡನೇ ಪ್ರವಾಸದ ಹೊತ್ತಿಗೆ ಇದು ಇನ್ನೂ ನೇರವಾಯ್ತು. 'ಗೋಲ್ಕೊಂಡಾ' ಎಂಬ ಹಡಗಿನಲ್ಲಿ ಹೊರಟ ಸ್ವಾಮೀಜಿ ಬಂಗಾಳಿಯ 'ಉದ್ಬೋಧನ' ಪತ್ರಿಕೆಗೆ ಪತ್ರರೂಪದಲ್ಲೇ ಪ್ರವಾಸ ಬರೆದರು. ಅದೇ ಮುಂದೆ 'ಪರಿವ್ರಾಜಕ' ಎಂಬ ಪುಸ್ತಕವಾಯ್ತು.

ಈಗ ನಮ್ಮ ಕನ್ನಡ ಪ್ರವಾಸಕಥನಗಳ ಶೀರ್ಷಿಕೆ ನೋಡೋಣ. ಅಲ್ಲಿಯ ವಿಭಕ್ತಿ ಪ್ರತ್ಯಯಗಳನ್ನು ಗಮನಿಸಿ. 1936ರಿಂದ 1938ರವರೆಗೆ ಆಕ್ಸ್‌ಫರ್ಡ್‌ನಲ್ಲಿದ್ದ ವಿ.ಕೃ. ಗೋಕಾಕರ ಪುಸ್ತಕ 'ಸಮುದ್ರದಾಚೆಯಿಂದ'. 'ಇಂದ' ಅಂದಾಗ ಬರೆಯುವವನು ಅಲ್ಲಿದ್ದಾನೆ, ಮಾತು ನಮ್ಮ ಕಡೆ ಬರ್ತಾ ಇದೆ. ಶಿವರಾಮ ಕಾರಂತರ 'ಅಬೂವಿಂದ ಬರಾಮಕ್ಕೆ'ಯಲ್ಲಿ 'ಇಂದ', 'ಕ್ಕೆ' ಎರಡೂ ಇವೆ, ಇಡೀ ದಾರಿಯೇ ಹೆಸರಾಗಿದೆ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕಾದಲ್ಲಿ ಗೊರೂರು' ಸಪ್ತಮಿ, ಮನುಷ್ಯ ಅಲ್ಲಿ ಕೂತಿರೋದನ್ನು ನಾವು ನೋಡ್ತೀವಿ. ಕೃಷ್ಣಾನಂದ ಕಾಮತರ 'ನಾನೂ ಅಮೇರಿಕೆಗೆ ಹೋಗಿದ್ದೆ' ಪೂರ್ತಿ ಭೂತಕಾಲ, ಬರೆಯುವವನು ಮನೆಗೆ ಬಂದಾಗಿದೆ. ಶೀರ್ಷಿಕೆ ಒಂದರಿಂದಲೇ ತೀರ್ಮಾನ ಮಾಡಬಾರದು, ನಿಜ. ಆದರೆ ಬರೆಯುವವನು ಓದುಗನಿಂದ ಎಷ್ಟು ದೂರದಲ್ಲಿ ನಿಂತಿದ್ದಾನೆ ಅಂತ ಕೇಳೋದಕ್ಕೆ ಇದೊಂದು ಒಳ್ಳೆ ಬಾಗಿಲು.

ಇನ್ನು ನಮ್ಮ ಕಡೆಯ ಮಾತು. ನಾನು ಕಂಗ್ಟಿಯವಳು. 1956ರ ನವೆಂಬರ್ 1ರವರೆಗೆ ನಾರಾಯಣಖೇಡ ತಾಲೂಕು ಬೀದರ ಜಿಲ್ಲೆಯಲ್ಲಿತ್ತು, ತಾಂಡೂರು ಗುಲಬರ್ಗಾದಲ್ಲಿತ್ತು. ಆವತ್ತಿನಿಂದ ಎರಡೂ ಆಂಧ್ರಪ್ರದೇಶಕ್ಕೆ ಹೋದವು, ಈಗ ತೆಲಂಗಾಣ. ಅದಕ್ಕೂ ಮುಂಚೆ ನಿಜಾಮರ ಸಂಸ್ಥಾನಕ್ಕೆ 1869ರಿಂದ ತನ್ನದೇ ಅಂಚೆಚೀಟಿ ಇತ್ತು, ಅದು ಸಂಸ್ಥಾನದ ಒಳಗೆ ಮಾತ್ರ ನಡೀತಿತ್ತು. 1950ರಲ್ಲಿ ಆ ಅಂಚೆ ಭಾರತದ ಅಂಚೆಯಲ್ಲಿ ಸೇರಿತು. ತಾಂಡೂರಿಗೆ ವಾಡಿ-ಸಿಕಂದರಾಬಾದ್ ರೈಲು 1874ಕ್ಕೇ ಬಂದಿತ್ತು. ಕಂಗ್ಟಿಯವರು ಹೊರಗೆ ಹೋದರೆ ಊರಿಗೆ ಸುದ್ದಿ ಬರೋದು ಕಾಗದದಲ್ಲಿ ಅಥವಾ ಬರೋ-ಹೋಗೋರ ಬಾಯಲ್ಲಿ.

ನಮ್ಮ ಮನೆಯಲ್ಲಿ ತಂತಿಗೆ ಚುಚ್ಚಿಟ್ಟ ಇನ್‌ಲ್ಯಾಂಡ್ ಪತ್ರಗಳಿದ್ದವು. ಹೈದರಾಬಾದಿಗೆ ಕೂಲಿಗೆ ಹೋದ ಹಿರಿಯರು ಬರೆಸಿದ್ದು. 'ಉಭಯ ಕುಶಲೋಪರಿ' ಅಂತ ಶುರುವಾಗಿ, ಮಳೆ ಆಯ್ತೋ ಇಲ್ಲೋ, ತೊಗರಿ ಹೆಂಗದ ಅಂತ ಕೇಳಿ ಮುಗೀತಿದ್ದವು. ಅಜ್ಜಿಗೆ ಓದಲು ಬರ್ತಿರಲಿಲ್ಲ, ಓಣಿಯ ಒಬ್ಬರು ಓದಿ ಹೇಳೋರು. ಹಾಗಾಗಿ ಒಂದು ಪತ್ರಕ್ಕೆ ಒಂದು ಓಣಿಯೇ ಓದುಗ. ಮನೆ ಹೊಸದು ಕಟ್ಟುವಾಗ ಆ ತಂತಿ ಎಲ್ಲೋ ಹೋಯ್ತು. ಪುಸ್ತಕವಾದ ಪ್ರವಾಸ ಗ್ರಂಥಾಲಯದಲ್ಲಿ ಉಳೀತು, ಹೊಟ್ಟೆಪಾಡಿನ ಪ್ರವಾಸ ತಂತಿಯ ಜೊತೆ ಹೋಯ್ತು.

ಚರ್ಚೆಯಲ್ಲಿ ಒಬ್ಬ ಗೆಳತಿ ಕೇಳಿದಳು: "ಅಂಥ ಪತ್ರಗಳಲ್ಲಿ ಸಾಹಿತ್ಯ ಏನಿದೆ? ಕ್ಷೇಮಸಮಾಚಾರ ತಾನೆ?" ನನ್ನ ಉತ್ತರ: ಯೊಕೊಹಾಮಾದ ಪತ್ರವೂ ಕ್ಷೇಮಸಮಾಚಾರದಿಂದಲೇ ಶುರುವಾಗ್ತದ. ಅದನ್ನು ಯಾರೋ ಎತ್ತಿಟ್ಟರು, ಅದಕ್ಕೇ ನಾವು ಇವತ್ತು ಓದ್ತಿದ್ದೀವಿ. ನಮ್ಮ ಗಡಿಭಾಗದ ಮನೆಗಳಲ್ಲಿ ಇನ್ನೂ ಉಳಿದಿರಬಹುದಾದ ಕನ್ನಡ ಪತ್ರಗಳನ್ನು, ಮನೆಯವರ ಒಪ್ಪಿಗೆ ಪಡೆದು, ಫೋಟೊ ತೆಗೆದಿಡುವ ಕೆಲಸವನ್ನು ನಮ್ಮ ವಿಭಾಗ ಕೈಗೆತ್ತಿಕೊಳ್ಳಬೇಕು ಅಂತ ವಿನಂತಿಸಿ ನನ್ನ ಮಾತು ಮುಗಿಸ್ತೀನಿ.