ಬಟ್ಟೆಯಿಲ್ಲದ ಕಸೂತಿ

ನಾವು ವಿಲೆ ಪಾರ್ಲೆಗೆ ಬಂದು ನಲವತ್ತೆರಡು ವರ್ಷವಾಯಿತು. ಆಗೆಲ್ಲ ಸ್ಟೇಷನ್ನಿನಲ್ಲಿ ಇಳಿದರೆ ಸಾಕು, ಬಿಸ್ಕತ್ತಿನ ವಾಸನೆ! 1929ರಲ್ಲಿ ಶುರುವಾದ ಆ ಪಾರ್ಲೆ ಕಾರ್ಖಾನೆ 2016ರಲ್ಲಿ ಮುಚ್ಚಿತು. ವಾಸನೆ ಹೋಯಿತು, ನಾವು ಉಳಿದೆವು. ಧಾರವಾಡದಿಂದ ತಂದ ಟ್ರಂಕಿನಲ್ಲಿ ಅವ್ವ ಕೊಟ್ಟ ಇಳಕಲ್ ಸೀರೆಯೂ ಉಳಿದಿತ್ತು.

ಹೋದ ದೀಪಾವಳಿಗೆ ಅದನ್ನು ತೆಗೆದು ನೋಡಿದರೆ, ಮಡಿಕೆ ಮಡಿಕೆಯಲ್ಲೂ ಸೀಳಿದೆ. ಸೆರಗಿನ ಮೇಲೆ ಅವ್ವ ಹಾಕಿದ ಗೋಪುರದ ಕಸೂತಿ ಮಾತ್ರ ಗಟ್ಟಿಯಾಗಿದೆ! ಆದರೆ ಬಟ್ಟೆಯೇ ಹೋದಮೇಲೆ ಹೊಲಿಗೆ ಎಲ್ಲಿ ನಿಲ್ಲಬೇಕು ಹೇಳಿ?

"ಅಜ್ಜಿ, ಬಟ್ಟೆ ಇಲ್ಲದೇನೂ ಹೊಲೀಬಹುದು" ಅಂದಳು ಮೊಮ್ಮಗಳು. ಮಗ ಕೊಡಿಸಿದ ಕಸೂತಿ ಮಷೀನು ಮನೆಯಲ್ಲೇ ಇತ್ತು. ನೀರಿನಲ್ಲಿ ಕರಗುವ ಹಾಳೆಯ ಮೇಲೆ ಹೊಲಿದು, ಆಮೇಲೆ ಹಾಳೆಯನ್ನು ತೊಳೆದುಬಿಡುವುದು. ಉಳಿಯುವುದು ಬರೀ ದಾರದ ಲೇಸು.

ಇದು ಹೊಸ ವಿದ್ಯೆಯೇನಲ್ಲ. 16ನೇ ಶತಮಾನದಲ್ಲೇ ವೆನಿಸ್ಸಿನ ಹೆಂಗಸರು ಚರ್ಮದ ಹಾಳೆಯ ಮೇಲೆ ಸೂಜಿಯಿಂದ ಲೇಸು ಹೆಣೆದು, ಕೊನೆಗೆ ಹಾಳೆಯಿಂದ ಬಿಡಿಸಿಕೊಳ್ಳುತ್ತಿದ್ದರು. ಅದರ ಹೆಸರು 'ಪುಂತೋ ಇನ್ ಆರಿಯಾ', ಅಂದರೆ ಗಾಳಿಯಲ್ಲಿ ಹಾಕಿದ ಹೊಲಿಗೆ! 1863ರಲ್ಲಿ ಸ್ವಿಟ್ಜರ್ಲೆಂಡಿನ ಈಸಾಕ್ ಗ್ರೋಬ್ಲಿ 'ಶಿಫ್ಲಿ' ಮಷೀನು ಕಂಡುಹಿಡಿದ. ಶಿಫ್ಲಿ ಎಂದರೆ ಪುಟ್ಟ ದೋಣಿ. ಕೆಳಗಿನ ದಾರದ ಲಾಳಿ ದೋಣಿಯ ಆಕಾರದಲ್ಲಿತ್ತು. 1880ರ ದಶಕದಲ್ಲಿ ಅಲ್ಲಿನ ಸೇಂಟ್ ಗ್ಯಾಲನ್ ಊರಿನವರು ರೇಷ್ಮೆಯ ಮೇಲೆ ಹತ್ತಿದಾರದಿಂದ ಹೊಲಿದು, ಕ್ಷಾರದಲ್ಲಿ ಅದ್ದತೊಡಗಿದರು. ರೇಷ್ಮೆ ಕರಗುತ್ತದೆ, ಹತ್ತಿ ಉಳಿಯುತ್ತದೆ. ಅದಕ್ಕೇ 'ಕೆಮಿಕಲ್ ಲೇಸ್' ಎಂಬ ಹೆಸರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಜರ್ಮನಿಯ ಪ್ಲೌಎನ್ ಊರಿನ ಲೇಸಿಗೆ ದೊಡ್ಡ ಬಹುಮಾನವೂ ಬಂತು. ನಮ್ಮ ಬಜಾರಿನಲ್ಲಿ ಇದನ್ನು 'ಜಿಪಿಓ ಲೇಸ್' ಎಂದು ಕೇಳಬೇಕು. ಅಂಚೆ ಕಚೇರಿಗೂ ಇದಕ್ಕೂ ಸಂಬಂಧವಿಲ್ಲ. 'ಗಿಪ್ಯೂರ್' ಎಂಬ ಫ್ರೆಂಚ್ ಹೆಸರು ನಮ್ಮವರ ಬಾಯಲ್ಲಿ ಹಾಗಾಗಿದೆ!

ಈಗ ಕ್ಷಾರ ಬೇಡ. 1924ರಲ್ಲಿ ಜರ್ಮನಿಯಲ್ಲಿ ತಯಾರಾದ ಪಾಲಿವಿನೈಲ್ ಆಲ್ಕೋಹಾಲಿನ ಹಾಳೆ ಬರೀ ನೀರಿಗೇ ಕರಗುತ್ತದೆ. ಮುಂಬೈ ಮಳೆಗಾಲದಲ್ಲಿ ಮಾತ್ರ ಜೋಕೆ, ಗಾಳಿಯ ಪಸೆಗೇ ಅಂಟಂಟಾಗುತ್ತದೆ! ನಾನು ಹಪ್ಪಳದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡುತ್ತೇನೆ.

ಅವ್ವನ ಗೋಪುರವನ್ನು ಚೌಕುಳಿ ಕಾಗದದ ಮೇಲೆ ಎಣಿಸಿ ಬರೆದುಕೊಟ್ಟೆ. ಮೊಮ್ಮಗಳು ಕಂಪ್ಯೂಟರಿಗೆ ಹಾಕಿದಳು. ಮಷೀನು ಚೆನ್ನಾಗಿಯೇ ಹೊಲಿಯಿತು. ನೀರಿಗೆ ಹಾಕಿದೆ ನೋಡಿ, ಗೋಪುರ ಹೋಗಿ ಕೈಯಲ್ಲಿ ದಾರದ ಸಿಕ್ಕು! ಅವ್ವನನ್ನೇ ಇನ್ನೊಮ್ಮೆ ಕಳಕೊಂಡ ಹಾಗಾಯಿತು.

ಕಾರಣ ಆಮೇಲೆ ಹೊಳೆಯಿತು. ಕಸೂತಿಯ ಗೆರೆಗಳನ್ನು ಹಿಡಿದಿಡುವುದು ಬಟ್ಟೆ. ಲೇಸಿನಲ್ಲಿ ಹೊಲಿಗೆಯೇ ಹೊಲಿಗೆಯನ್ನು ಹಿಡಿಯಬೇಕು. ಮೊದಲು ಸಣ್ಣ ಜಾಲರಿ ಹೊಲಿದು, ಅದಕ್ಕೆ ಗೆರೆಗಳನ್ನು ಕಟ್ಟಬೇಕು. ಎರಡು ಹಾಳೆ ಜೋಡಿಸಿ, ಮೇಲೂ ಬಾಬಿನ್ನಿಗೂ ಒಂದೇ ದಾರ ಹಾಕಿ, ಮತ್ತೆ ಹೊಲಿದೆವು. ಉಗುರುಬೆಚ್ಚಗಿನ ನೀರಲ್ಲಿ ಅರೆಬರೆ ತೊಳೆದು, ಟವೆಲ್ಲಿನ ಮೇಲೆ ಚಪ್ಪಟೆ ಒಣಗಿಸಿದೆವು. ಪೂರ್ತಿ ತೊಳೆಯದಿದ್ದರೆ ಉಳಿದ ಅಂಟೇ ಗಂಜಿಯ ಹಾಗೆ ಬಿರುಸು ಕೊಡುತ್ತದೆ. ಈ ಸಲ ಗೋಪುರ ನಿಂತಿತು!

ಇದು ಕಸೂತಿಯಲ್ಲ, ನನಗೆ ಗೊತ್ತು. ಅವ್ವ ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ, ಗವಂತಿ-ಮುರ್ಗಿ ಹೊಲಿಗೆಯಲ್ಲಿ ಎರಡೂ ಮಗ್ಗಲು ಒಂದೇ ಥರ ಕಾಣುವಂತೆ ಹಾಕುತ್ತಿದ್ದಳು. ನಾನು ಕಲಿಯುವಾಗ "ಹಿಂದಿನ ಮಗ್ಗಲಾ ತೋರ್ಸು" ಅಂತಲೇ ಮೊದಲು ಕೇಳೋಳು. ಸರಿ ಇಲ್ಲದಿದ್ದರೆ ಬಿಚ್ಚಿಸೋಳು!

ಗೋಪುರ ಈಗ ನಮ್ಮ ಕಿಟಕಿಯಲ್ಲಿ ತೂಗುತ್ತದೆ. ಒಳಗಿನಿಂದ ನೋಡಿದರೂ, ಹೊರಗಿನ ಗ್ಯಾಲರಿಯಿಂದ ನೋಡಿದರೂ ಒಂದೇ. ಅಷ್ಟರಮಟ್ಟಿಗೆ ಅವ್ವ ಪಾಸು ಮಾಡಿಯಾಳು.

ನಿಮ್ಮ ಟ್ರಂಕಿನಲ್ಲೂ ಅಂಥ ಸೀರೆ ಇದ್ದರೆ ಇವತ್ತೇ ಬಿಚ್ಚಿ ನೋಡಿ, ಮಡಿಕೆ ಬದಲಿಸಿ ಇಡಿ. ನಾನು ತಡಮಾಡಿದೆ.