ಮಕ್ಕಳಿಗೆ ಪಾಪಕ್ಷಮೆಯ ಬೋಧನೆ (ಕ್ರೈಸ್ತಧರ್ಮ)

ಮಕ್ಕಳಿಗೆ ಪಾಪಕ್ಷಮೆಯ ಬೋಧನೆ ಎಂಬುದು ತಪ್ಪು, ಪಶ್ಚಾತ್ತಾಪ ಹಾಗೂ ದೇವರ ಕ್ಷಮೆಯನ್ನು ಕುರಿತು ಕ್ರೈಸ್ತ ಸಭೆಗಳು ಎಳೆಯ ಮಕ್ಕಳಿಗೆ ನೀಡುವ ಧಾರ್ಮಿಕ ಶಿಕ್ಷಣ. ಕ್ಯಾಥೊಲಿಕರಲ್ಲಿ ಇದು ಧರ್ಮೋಪದೇಶ ತರಗತಿಯ ಭಾಗವಾಗಿದೆ; ಪ್ರಾಟೆಸ್ಟಂಟರಲ್ಲಿ ಭಾನುವಾರದ ಶಾಲೆ (ಸಂಡೇ ಸ್ಕೂಲ್) ಮತ್ತು ಬೇಸಿಗೆ ರಜೆಯ ಬೈಬಲ್ ಶಾಲೆಗಳಲ್ಲಿ ನಡೆಯುತ್ತದೆ. ಚಿತ್ತಾಪುರ ತಾಲ್ಲೂಕಿನ ರಾವೂರ, ವಾಡಿ, ಶಹಾಬಾದ್, ಸೇಡಂ, ಚಿಂಚೋಳಿಗಳನ್ನು ಒಳಗೊಂಡ ಕಲಬುರಗಿ ಜಿಲ್ಲೆಯಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ಇಲ್ಲಿಯ ಪ್ರಾಟೆಸ್ಟಂಟರಲ್ಲಿ ಮೆಥೊಡಿಸ್ಟ್ ಸಭೆ ಪ್ರಮುಖವಾದುದು. ಕ್ಯಾಥೊಲಿಕರು 2005ರಲ್ಲಿ ಸ್ಥಾಪಿತವಾದ ಗುಲ್ಬರ್ಗ ಧರ್ಮಕ್ಷೇತ್ರಕ್ಕೆ ಸೇರುತ್ತಾರೆ.

ಪದಗಳ ತೊಡಕು

ಕನ್ನಡದ ಮಗುವಿಗೆ ‘ಪಾಪ’ ಎಂಬ ಪದ ಮೊದಲು ಪರಿಚಯವಾಗುವುದು ಕನಿಕರದ ಮಾತಾಗಿ. ಬಿದ್ದು ಅಳುವ ಮಗುವನ್ನು ಕಂಡು ಹಿರಿಯರು ‘ಅಯ್ಯೋ ಪಾಪ’ ಎನ್ನುತ್ತಾರೆ; ಎಳೆಗೂಸನ್ನೇ ‘ಪಾಪು’ ಎಂದು ಕರೆಯುವುದೂ ಉಂಟು. ಹೀಗಿರುವಾಗ ‘ನೀನು ಪಾಪಿ’ ಎಂಬ ಮಾತಿನಿಂದ ಪಾಠ ಆರಂಭಿಸಿದರೆ ಮಗುವಿಗೆ ಅರ್ಥವಾಗುವುದು ಹೇಳಿದವರ ಧ್ವನಿಯ ಕಾಠಿಣ್ಯ ಮಾತ್ರ. ‘ಕ್ಷಮಿಸು’ ಎಂಬುದೂ ಗ್ರಂಥಸ್ಥ ಪದವೇ. ಮಕ್ಕಳ ಬಾಯಲ್ಲಿ ಬರುವುದು ‘ತಪ್ಪಾಯ್ತು’, ಕಲಬುರಗಿಯ ಕಡೆ ‘ತಪ್ಪಾತು’, ದಖನಿ ಉರ್ದುವಿನ ನೆರೆಯಿಂದ ಬಂದ ‘ಮಾಫ್ ಮಾಡು’. ಆದುದರಿಂದ ಬೋಧಕರು ‘ತಪ್ಪು’ ಎಂಬಲ್ಲಿಂದ ಹೊರಟು ‘ಪಾಪ’ ಎಂಬಲ್ಲಿಗೆ ಬರುವುದು ಸಹಜವಾದ ಕ್ರಮ.

ಮತ್ತಾಯನ ಸುವಾರ್ತೆಯಲ್ಲಿರುವ ಕರ್ತನ ಪ್ರಾರ್ಥನೆಯ ಗ್ರೀಕ್ ಮೂಲದಲ್ಲಿ ಕ್ಷಮೆ ಬೇಡುವ ಸಾಲಿನಲ್ಲಿರುವ ಪದದ ಅರ್ಥ ‘ಸಾಲ’ ಎಂದು. ಒಕ್ಕಲು ಮನೆತನದ ಮಕ್ಕಳಿಗೆ ‘ಸಾಲಮನ್ನಾ’ ಎಂಬ ಮಾತು ಚಿರಪರಿಚಿತ; ತೀರಿಸಲಾಗದ ಹೊರೆಯನ್ನು ಕೊಟ್ಟವನೇ ಬಿಟ್ಟುಕೊಡುವುದು ಎಂಬ ಭಾವ ಅದರಿಂದ ಸುಲಭವಾಗಿ ಮನದಟ್ಟಾಗುತ್ತದೆ. (ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೊರೆತ ಆಹಾರವಾದ ‘ಮನ್ನ’ಕ್ಕೂ ಈ ಪದಕ್ಕೂ ಸಂಬಂಧವಿಲ್ಲ.)

ವಯಸ್ಸು ಮತ್ತು ವಿವೇಚನೆ

ಸ್ವಿಸ್ ಮನಶ್ಶಾಸ್ತ್ರಜ್ಞ ಜ್ಯಾನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಮಕ್ಕಳ ನೈತಿಕ ತೀರ್ಮಾನವನ್ನು ಕುರಿತ ಗ್ರಂಥದಲ್ಲಿ ಒಂದು ಪ್ರಸಿದ್ಧ ಪ್ರಶ್ನೆಯಿದೆ. ಬಾಗಿಲು ತೆರೆಯುವಾಗ ಅರಿಯದೆ 15 ಬಟ್ಟಲುಗಳನ್ನು ಒಡೆದ ಹುಡುಗ, ಕದ್ದು ಜಾಮ್ ತಿನ್ನಲು ಹೋಗಿ ಒಂದೇ ಬಟ್ಟಲು ಒಡೆದ ಹುಡುಗ: ಇಬ್ಬರಲ್ಲಿ ಯಾರದು ಹೆಚ್ಚಿನ ತಪ್ಪು? ಚಿಕ್ಕ ಮಕ್ಕಳಲ್ಲಿ ಅನೇಕರು 15 ಒಡೆದವನತ್ತ ಬೆರಳು ತೋರಿಸಿದರು. ನಷ್ಟದ ಗಾತ್ರವನ್ನಲ್ಲದೆ ಉದ್ದೇಶವನ್ನು ಅಳೆಯುವ ಶಕ್ತಿ ಬೆಳೆಯುತ್ತ ಬರುವಂಥದು. ಕೈಜಾರಿ ಹಾಲು ಚೆಲ್ಲಿದ್ದಕ್ಕೂ ತಮ್ಮನ ಪಾಲಿನ ಹಾಲನ್ನು ಕದ್ದು ಕುಡಿದದ್ದಕ್ಕೂ ಇರುವ ಭೇದವನ್ನು ತಿಳಿಸದೆ ಕ್ಷಮೆಯ ಪಾಠ ಮಾಡಿದರೆ, ಮಗು ಆಕಸ್ಮಿಕಗಳಿಗೂ ದೇವರು ಮುನಿಯುತ್ತಾನೆಂದು ನಂಬುವ ಅಪಾಯವಿದೆ.

ಕ್ಯಾಥೊಲಿಕ್ ಪರಂಪರೆ ಇದನ್ನು ‘ವಿವೇಚನೆಯ ವಯಸ್ಸು’ ಎಂಬ ಕಲ್ಪನೆಯಲ್ಲಿ ಗುರುತಿಸುತ್ತದೆ. ಆ ವಯಸ್ಸು ಮುಟ್ಟಿದವರು ವರ್ಷಕ್ಕೊಮ್ಮೆ ಪಾಪನಿವೇದನೆ ಮಾಡಬೇಕೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತು. 1910ರ ಆಗಸ್ಟ್ 8ರ ಆಜ್ಞೆಯಲ್ಲಿ ಹತ್ತನೆಯ ಪಯಸ್ ಜಗದ್ಗುರುಗಳು ಆ ವಯಸ್ಸನ್ನು ಸುಮಾರು ಏಳು ಎಂದು ಸ್ಪಷ್ಟಪಡಿಸಿದರು. ಇಂದಿಗೂ ಮಕ್ಕಳು ಮೊದಲ ಪರಮಪ್ರಸಾದಕ್ಕೆ ಮುನ್ನ ಮೊದಲ ಪಾಪನಿವೇದನೆ ಮಾಡುತ್ತಾರೆ. ಮೆಥೊಡಿಸ್ಟರು ಶಿಶುಗಳಿಗೆ ದೀಕ್ಷಾಸ್ನಾನ ಕೊಡುತ್ತಾರೆ. ಅವರಲ್ಲಿ ಗುರುವಿನ ಮುಂದೆ ಒಬ್ಬೊಬ್ಬರಾಗಿ ಪಾಪ ನಿವೇದಿಸುವ ಕಡ್ಡಾಯವಿಲ್ಲ. ಮಗು ನೇರವಾಗಿ ದೇವರಲ್ಲಿ ಪ್ರಾರ್ಥಿಸುವುದನ್ನು ಕಲಿಯುತ್ತದೆ. ಬ್ಯಾಪ್ಟಿಸ್ಟ್ ಮತ್ತು ಪೆಂಟೆಕೊಸ್ಟ್ ಸಭೆಗಳು ಸ್ವಂತ ನಂಬಿಕೆಯನ್ನು ಒಪ್ಪಿಕೊಳ್ಳುವವರೆಗೆ ದೀಕ್ಷಾಸ್ನಾನವನ್ನೇ ಮುಂದೂಡುತ್ತವೆ.

ಬೋಧನೆಯ ಕಥೆಗಳು

ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಮೂರು ಸಾಮ್ಯಗಳು ಈ ಬೋಧನೆಯ ಜೀವಾಳ. ನೂರರಲ್ಲಿ ಒಂದು ಕುರಿ ತಪ್ಪಿಸಿಕೊಂಡ ಕಥೆಗೆ ಕಲಬುರಗಿಯ ಸೀಮೆಯಲ್ಲಿ ಚಿತ್ರಪಟವೇ ಬೇಡ. ತೊಗರಿ ರಾಶಿ ಮುಗಿದ ಹೊಲಗಳಲ್ಲಿ ಕುರಿಹಿಂಡು ಬೀಡುಬಿಡುವುದನ್ನು ಮಕ್ಕಳು ಕಣ್ಣಾರೆ ಕಂಡಿರುತ್ತಾರೆ. ತಪ್ಪಿಹೋದ ಮಗನ ಕಥೆಯಲ್ಲಿ ಕಿರಿಯ ಮಗ ತಂದೆ ಬದುಕಿರುವಾಗಲೇ ಆಸ್ತಿಯ ಪಾಲು ಕೇಳುತ್ತಾನೆ. ಹಳ್ಳಿಯ ಮಕ್ಕಳಿಗೆ ಇದರ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ. ಮಗ ಒಪ್ಪಿಸಬೇಕೆಂದುಕೊಂಡ ಮಾತನ್ನು ಪೂರ್ತಿ ಹೇಳಿ ಮುಗಿಸುವ ಮೊದಲೇ ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ. ಕ್ಷಮೆ ಕಾದು ನಿಂತಿತ್ತು ಎಂಬುದು ಆ ಓಟದಲ್ಲಿಯೇ ತಿಳಿಯುತ್ತದೆ. ಹಿರಿಯ ಮಗನ ಕೋಪದ ಭಾಗವನ್ನು ಸಮಯ ಸಾಲದೆಂದು ಬಿಡುವವರಿದ್ದಾರೆ. ಇದು ಸರಿಯಲ್ಲ: ತರಗತಿಯಲ್ಲಿ ಸದಾ ಮಾತು ಕೇಳುವ ಮಗು ತನ್ನನ್ನು ಕಾಣುವುದು ಅವನಲ್ಲಿಯೇ.

ಮತ್ತಾಯನ 18ನೆಯ ಅಧ್ಯಾಯದ ನಿಷ್ಕರುಣಿ ಸೇವಕನ ಕಥೆ ಲೆಕ್ಕ ಬಲ್ಲ ಮಕ್ಕಳಿಗೆ ಒಪ್ಪುತ್ತದೆ. ಒಂದು ದಿನಾರಿ ಅಂದಿನ ಕೂಲಿಯವನ ಒಂದು ದಿನದ ಸಂಬಳ; ಒಂದು ತಲಾಂತು ಸುಮಾರು 6,000 ದಿನಾರಿ. ಅರಸನು ಬಿಟ್ಟುಕೊಟ್ಟದ್ದು 10,000 ತಲಾಂತು, ಎಂದರೆ ಸುಮಾರು 6 ಕೋಟಿ ದಿನಗಳ ಕೂಲಿ. ಅದೇ ಸೇವಕ ಜೊತೆಗಾರನ ಕುತ್ತಿಗೆ ಹಿಡಿದದ್ದು 100 ದಿನಗಳ ಕೂಲಿಗಾಗಿ. ಹಲಗೆಯ ಮೇಲೆ ಗುಣಿಸಿ ತೋರಿಸಿದಾಗ ಮಕ್ಕಳು ನಗುತ್ತಾರೆ, ಕಥೆಯ ನ್ಯಾಯವನ್ನೂ ತಾವೇ ಹೇಳುತ್ತಾರೆ. ತಪ್ಪೊಪ್ಪಿಕೊಂಡು ವಸೂಲಿ ಮಾಡಿದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವೆನೆಂದ ಜಕ್ಕಾಯನ ಪ್ರಸಂಗ, ಕ್ಷಮೆ ದೊರೆತರೂ ಕದ್ದ ಪೆನ್ಸಿಲ್ ಮರಳಿಸಬೇಕು ಎಂಬುದಕ್ಕೆ ನಿದರ್ಶನ.

ಎಚ್ಚರಿಕೆಗಳು

ನರಕದ ಭಯ ತೋರಿಸಿ ತಪ್ಪು ಒಪ್ಪಿಸುವುದು, ಎಲ್ಲರೆದುರು ಮಗುವಿನಿಂದ ತಪ್ಪು ಹೇಳಿಸುವುದು, ಇಲ್ಲದ ಪಾಪಗಳನ್ನು ಪಟ್ಟಿ ಮಾಡಿಸುವುದು ಬೋಧನೆಯ ಉದ್ದೇಶಕ್ಕೇ ವಿರುದ್ಧವಾದವು. ಅದಕ್ಕಿಂತ ಗಂಭೀರವಾದುದು ನೊಂದ ಮಗುವಿಗೆ ‘ಕ್ಷಮಿಸಿಬಿಡು’ ಎಂದು ಹೇಳಿ ಬಾಯಿ ಮುಚ್ಚಿಸುವುದು. ಕ್ಷಮಿಸುವುದೆಂದರೆ ನಡೆದುದನ್ನು ಮುಚ್ಚಿಡುವುದಲ್ಲ, ನೋಯಿಸಿದವರ ಬಳಿ ಮತ್ತೆ ಒಂಟಿಯಾಗಿ ಹೋಗುವುದೂ ಅಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ಭಾರತದಲ್ಲಿ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಧರ್ಮಬೋಧಕರಿಗೆ ಇದರಲ್ಲಿ ಪ್ರತ್ಯೇಕ ವಿನಾಯಿತಿಯನ್ನು ಕಾಯ್ದೆ ಹೇಳಿಲ್ಲ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಕ್ಯಾಥೊಲಿಕ್ ಪಾಪನಿವೇದನೆಯ ಗೋಪ್ಯತೆಯ ನಿಯಮವು ಗುರುವನ್ನು ಬಂಧಿಸುತ್ತದೆಯೇ ಹೊರತು ಮಗುವನ್ನಲ್ಲ. ಅಲ್ಲಿ ಆಡಿದ ಮಾತನ್ನೂ ಕೇಳಿದ ಮಾತನ್ನೂ ತಾಯಿತಂದೆಯರಿಗೆ ಹೇಳಲು ಮಗು ಸ್ವತಂತ್ರವಾಗಿರುತ್ತದೆ.