ಭಾರ ಹೊರುವ ಪಿಕಪ್‌ಗೆ ಹೊಂದಾಣಿಕೆಯ ಶಾಕ್ ಅಬ್ಸಾರ್ಬರ್: ಆಯ್ಕೆಗೆ ಮುನ್ನ ತಿಳಿಯಬೇಕಾದ ಸಂಗತಿಗಳು

ಭಾರಿ ಸರಕು ಸಾಗಿಸುವ ಪಿಕಪ್ ಟ್ರಕ್ಕು ಒಂದೇ ದಿನದಲ್ಲಿ ಎರಡು ಬಗೆಯ ವಾಹನವಾಗಿ ವರ್ತಿಸುತ್ತದೆ. ಖಾಲಿಯಾಗಿ ಹೊರಟಾಗ ಅದರ ಹಿಂಭಾಗ ಹಗುರವಾಗಿದ್ದು, ಸಣ್ಣ ಉಬ್ಬಿಗೂ ಕುಪ್ಪಳಿಸುತ್ತದೆ. ಸರಕು ತುಂಬಿಕೊಂಡು ಮರಳುವಾಗ ಅದೇ ಹಿಂಭಾಗ ತೊಟ್ಟಿಲಿನಂತೆ ತೂಗಾಡುತ್ತದೆ. ಒಂದೇ ಬಿಗಿಯ ಶಾಕ್ ಅಬ್ಸಾರ್ಬರ್ ಈ ಎರಡೂ ಸ್ಥಿತಿಗಳಿಗೆ ಸಮನಾಗಿ ಒದಗಲಾರದು. ಬಿಗಿಯನ್ನು ಬೇಕೆಂದಾಗ ಬದಲಿಸಬಹುದಾದ ಶಾಕ್‌ಗಳು ರೂಪುಗೊಂಡಿರುವುದು ಈ ಕಾರಣದಿಂದಲೇ. ಆದರೆ ಇವುಗಳಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬ ಅರಿವಿಲ್ಲದೆ ಖರೀದಿಸಿದರೆ ಹಣವೂ ವ್ಯರ್ಥ, ಸುರಕ್ಷತೆಗೂ ಧಕ್ಕೆ.

ಹೆವಿ ಡ್ಯೂಟಿ ಎಂದರೆ ಯಾವುದು?

ಈ ಶಾಕ್‌ಗಳಿಗೆ ದೊಡ್ಡ ಮಾರುಕಟ್ಟೆ ಇರುವುದು ಅಮೆರಿಕದಲ್ಲಿ. ಅಲ್ಲಿ ಫೋರ್ಡ್ ಎಫ್-250, ರ‍್ಯಾಮ್ 2500, ಷೆವರ್ಲೆ ಸಿಲ್ವರಾಡೊ 2500 ಎಚ್‌ಡಿ ಹಾಗೂ ಅವುಗಳಿಗಿಂತ ಮೇಲಿನ ಮಾದರಿಗಳನ್ನು ಹೆವಿ ಡ್ಯೂಟಿ ಪಿಕಪ್ ಎಂದು ಕರೆಯುವುದು ರೂಢಿ. ಸರಕೂ ಸೇರಿದ ಗರಿಷ್ಠ ಅನುಮತ ತೂಕ 8,501ರಿಂದ 10,000 ಪೌಂಡ್, ಅಂದರೆ ಸುಮಾರು 3,856ರಿಂದ 4,536 ಕಿಲೋ ಇರುವ ವಾಹನಗಳು ಈ ಗುಂಪಿನ ಮೊದಲ ಮೆಟ್ಟಿಲು. ಅದರ ಮೇಲಿನ ವರ್ಗ 14,000 ಪೌಂಡ್‌ವರೆಗೆ ಹೋಗುತ್ತದೆ.

ಇವುಗಳ ರಚನೆಯೂ ಒಂದೇ ತೆರನಾಗಿಲ್ಲ. ಫೋರ್ಡ್ ಮತ್ತು ಷೆವರ್ಲೆ ಟ್ರಕ್‌ಗಳ ಹಿಂಭಾಗದಲ್ಲಿ ಪಟ್ಟಿ ಸ್ಪ್ರಿಂಗ್‌ಗಳಿದ್ದರೆ, ರ‍್ಯಾಮ್ 2500 ಮಾದರಿ 2014ರಿಂದ ಹಿಂಭಾಗಕ್ಕೂ ಸುರುಳಿ ಸ್ಪ್ರಿಂಗ್ ಅಳವಡಿಸಿಕೊಂಡಿದೆ. ಆದ್ದರಿಂದ ಒಂದು ಟ್ರಕ್ಕಿಗೆ ಒಪ್ಪಿದ ಶಾಕ್ ಮತ್ತೊಂದಕ್ಕೆ ಒಪ್ಪುತ್ತದೆ ಎಂದು ಭಾವಿಸುವಂತಿಲ್ಲ.

ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಲ್ಲ

ಗ್ರಾಹಕರಲ್ಲಿ ಬಹು ವ್ಯಾಪಕವಾಗಿರುವ ತಪ್ಪು ಕಲ್ಪನೆ ಇದು. ವಾಹನದ ತೂಕವನ್ನು ಹೊರುವುದು ಸ್ಪ್ರಿಂಗ್. ಸ್ಪ್ರಿಂಗ್ ಕುಗ್ಗಿ ಹಿಗ್ಗುವಾಗ ಉಂಟಾಗುವ ಓಲಾಟವನ್ನು ತಡೆಯುವುದಷ್ಟೇ ಶಾಕ್ ಅಬ್ಸಾರ್ಬರ್‌ನ ಕೆಲಸ. ಅದರೊಳಗಿನ ಪಿಸ್ಟನ್ ಎಣ್ಣೆಯಲ್ಲಿ ಚಲಿಸುತ್ತದೆ. ಎಣ್ಣೆ ಕಿರಿದಾದ ಕವಾಟಗಳ ಮೂಲಕ ನುಗ್ಗಿ ಹೋಗಬೇಕಾಗುವುದರಿಂದ ಚಲನೆಯ ಶಕ್ತಿ ಶಾಖವಾಗಿ ಪರಿವರ್ತನೆಗೊಳ್ಳುತ್ತದೆ. ನಿಂತಿರುವ ವಾಹನದಲ್ಲಿ ಸಾಮಾನ್ಯ ಶಾಕ್ ತೂಕವನ್ನು ಹೊರುವುದೇ ಇಲ್ಲ ಎನ್ನಬಹುದು. ಹಿಂಭಾಗ ಕುಸಿದು ಕುಳಿತಿದ್ದರೆ ಪರಿಹಾರವನ್ನು ಸ್ಪ್ರಿಂಗ್‌ನಲ್ಲಿ ಹುಡುಕಬೇಕೇ ವಿನಾ ಶಾಕ್‌ನಲ್ಲಿ ಅಲ್ಲ.

ಹಾಗಾದರೆ ಬಿಗಿ ಎಷ್ಟು ಹೆಚ್ಚಬೇಕು? ಖಾಲಿ ಇದ್ದಾಗ ಹಿಂದಿನ ಸ್ಪ್ರಿಂಗ್‌ಗಳ ಮೇಲೆ 1,000 ಕಿಲೋ, ಸರಕು ತುಂಬಿದಾಗ 2,000 ಕಿಲೋ ಭಾರ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಭಾರ ಇಮ್ಮಡಿಯಾಯಿತೆಂದು ಶಾಕ್‌ನ ಬಿಗಿಯೂ ಇಮ್ಮಡಿಯಾಗಬೇಕಿಲ್ಲ. ಅಗತ್ಯವಾದ ಪ್ರತಿರೋಧ ತೂಕದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಸ್ಪ್ರಿಂಗ್ ಬದಲಾಗದಿದ್ದರೆ ಸುಮಾರು ಶೇ 40ರಷ್ಟು ಏರಿಕೆ ಸಾಕು. ಭಾರ ಹೆಚ್ಚಿದಾಗ ಮಾತ್ರ ಕೆಲಸಕ್ಕಿಳಿಯುವ ಸಹಾಯಕ ಪಟ್ಟಿಗಳಿರುವ ವಾಹನಗಳಲ್ಲಿ ಇದಕ್ಕಿಂತ ತುಸು ಹೆಚ್ಚು ಬೇಕಾಗುತ್ತದೆ. ಗುಂಡಿಯನ್ನು ಒಮ್ಮೆಲೇ ಕೊನೆಯವರೆಗೆ ತಿರುಗಿಸುವವರು ಈ ಲೆಕ್ಕವನ್ನು ಗಮನಿಸುವುದು ಒಳಿತು.

'ಅಡ್ಜಸ್ಟಬಲ್' ಎಂಬ ಪದಕ್ಕೆ ಮೂರು ಅರ್ಥ

ಮಾರುಕಟ್ಟೆಯಲ್ಲಿ ಈ ಒಂದೇ ಪದವನ್ನು ಮೂರು ಬೇರೆ ಬೇರೆ ವಸ್ತುಗಳಿಗೆ ಬಳಸಲಾಗುತ್ತಿದೆ.

ಒಂದು, ಎತ್ತರದ ಹೊಂದಾಣಿಕೆ. ಬಿಲ್‌ಸ್ಟೈನ್ 5100 ಸರಣಿಯ ಕೆಲವು ಮುಂಭಾಗದ ಶಾಕ್‌ಗಳಲ್ಲಿ ಬದಲಿಸಲು ಸಾಧ್ಯವಿರುವುದು ಸ್ಪ್ರಿಂಗ್ ಕೂರುವ ಎತ್ತರವನ್ನೇ ಹೊರತು ಬಿಗಿಯನ್ನಲ್ಲ.

ಎರಡು, ಗಾಳಿಯ ಹೊಂದಾಣಿಕೆ. ಮನ್ರೋ ಮ್ಯಾಕ್ಸ್-ಏರ್‌ನಂತಹ ಶಾಕ್‌ಗಳಿಗೆ ಗಾಳಿ ತುಂಬಿ ಕುಸಿದ ಹಿಂಭಾಗವನ್ನು ಎತ್ತಬಹುದು. ಇವು ಸ್ವಲ್ಪ ಭಾರವನ್ನು ಹೊರುತ್ತವೆ. ಹಾಗೆಂದು ವಾಹನದ ಅನುಮತ ತೂಕವೇನೂ ಏರುವುದಿಲ್ಲ.

ಮೂರು, ಬಿಗಿಯ ಹೊಂದಾಣಿಕೆ. ಈ ಲೇಖನದ ವಿಷಯ ಇದೇ. ಇದರಲ್ಲಿಯೂ ಹಲವು ಬಗೆಗಳಿವೆ. ರ‍್ಯಾಂಚೊ ಆರ್‌ಎಸ್9000 ಎಕ್ಸ್‌ಎಲ್ ಶಾಕ್‌ನ ಹೊರಮೈಯಲ್ಲಿಯೇ 9 ಹಂತಗಳ ಗುಂಡಿ ಇದೆ. 1 ಅತಿ ಮೃದು, 9 ಅತಿ ಬಿಗಿ. ಕೈಯಿಂದಲೇ ತಿರುಗಿಸಬಹುದು. ಡಚ್ ಕಂಪನಿ ಕೋನಿಯ ಹಲವು ಶಾಕ್‌ಗಳನ್ನು ವಾಹನದಿಂದ ಕಳಚಿ, ಪೂರ್ತಿ ಕುಗ್ಗಿಸಿ ತಿರುಗಿಸಬೇಕು. ದಿನವೂ ಭಾರ ಬದಲಾಗುವವರಿಗೆ ಇದು ಒಗ್ಗದು. ಕಾಯಂ ಆಗಿ ಒಂದೇ ಭಾರ ಹೊರುವವರಿಗೆ ಅಡ್ಡಿಯಿಲ್ಲ. ಫಾಕ್ಸ್ ಕಂಪನಿಯ ಡಿಎಸ್‌ಸಿ ಮಾದರಿಯಲ್ಲಿ ಕುಗ್ಗುವಿಕೆಯ ಬಿಗಿಗೆ ಎರಡು ಗುಂಡಿಗಳಿವೆ. ಒಂದು ಪಿಸ್ಟನ್‌ನ ನಿಧಾನ ಚಲನೆಗೆ, ಇನ್ನೊಂದು ವೇಗದ ಚಲನೆಗೆ. ಇಲ್ಲಿ ವೇಗವೆಂದರೆ ವಾಹನದ ವೇಗವಲ್ಲ ಎಂಬುದನ್ನು ನೆನಪಿಡಬೇಕು. ಆಸ್ಟ್ರೇಲಿಯದ ಎಆರ್‌ಬಿ ಕಂಪನಿಯ ಓಲ್ಡ್ ಮ್ಯಾನ್ ಈಮು ಬಿಪಿ-51 ಮಾದರಿಯಲ್ಲಿ ಕುಗ್ಗುವಿಕೆ ಮತ್ತು ಹಿಗ್ಗುವಿಕೆ ಎರಡನ್ನೂ ಪ್ರತ್ಯೇಕವಾಗಿ ಹೊಂದಿಸಬಹುದು.

ಭಾರ ಸಾಗಿಸುವವರು ಹಿಗ್ಗುವಿಕೆಯ ನಿಯಂತ್ರಣಕ್ಕೆ ವಿಶೇಷ ಗಮನ ಕೊಡಬೇಕು. ಭಾರದಿಂದ ಕುಗ್ಗಿದ ಸ್ಪ್ರಿಂಗ್ ಹಿಂದಿರುಗಿ ಚಿಮ್ಮುವುದನ್ನು ತಡೆಯುವುದು ಅದೇ.

ಒಂದು ಕೊಳವೆಯೋ, ಎರಡು ಕೊಳವೆಯೋ?

ಅವಳಿ ಕೊಳವೆಯ ಶಾಕ್‌ನಲ್ಲಿ ಒಂದು ಕೊಳವೆಯೊಳಗೆ ಇನ್ನೊಂದಿದ್ದು, ಹೆಚ್ಚುವರಿ ಎಣ್ಣೆ ಹೊರ ಕೊಳವೆಯಲ್ಲಿರುತ್ತದೆ. ಬೆಲೆ ಕಡಿಮೆ. ಕಲ್ಲು ಬಡಿದು ಹೊರ ಕೊಳವೆ ನೆಗ್ಗಿದರೂ ಸಾಮಾನ್ಯವಾಗಿ ಕೆಲಸ ನಿಲ್ಲದು. ಆದರೆ ಸತತ ಕುಲುಕಾಟದಲ್ಲಿ ಎಣ್ಣೆ ಬಿಸಿಯೇರಿ ನೊರೆಗಟ್ಟಿದರೆ ಪ್ರತಿರೋಧ ಕುಂದುತ್ತದೆ. ಏಕ ಕೊಳವೆಯ ಶಾಕ್‌ನಲ್ಲಿ ತೇಲುವ ಪಿಸ್ಟನ್ ಒಂದು ಎಣ್ಣೆಯನ್ನೂ ಅಧಿಕ ಒತ್ತಡದ ನೈಟ್ರೋಜನ್ ಅನಿಲವನ್ನೂ ಬೇರ್ಪಡಿಸುತ್ತದೆ. ಶಾಖ ಬೇಗ ಹೊರಹೋಗುತ್ತದೆ, ನೊರೆಯ ತೊಂದರೆ ಕಡಿಮೆ. ಬೆಲೆ ಹೆಚ್ಚು. ಕೊಳವೆ ನೆಗ್ಗಿದರೆ ಪಿಸ್ಟನ್ ಸಿಕ್ಕಿಕೊಳ್ಳುವ ಅಪಾಯವಿದೆ.

ಖರೀದಿಗೆ ಮುನ್ನ

* ಖಾಲಿ ಮತ್ತು ತುಂಬಿದ ಸ್ಥಿತಿಯಲ್ಲಿ ವಾಹನವನ್ನು ತೂಕದ ಸೇತುವೆಯ ಮೇಲೆ ನಿಲ್ಲಿಸಿ, ಹಿಂದಿನ ಆಕ್ಸಲ್‌ನ ತೂಕವನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ. ಎರಡಕ್ಕೂ ಹೆಚ್ಚಿನ ಅಂತರವಿಲ್ಲದಿದ್ದರೆ ಹೊಂದಾಣಿಕೆಯ ಶಾಕ್ ಅನಗತ್ಯ. ಉತ್ತಮ ದರ್ಜೆಯ ಸಾಮಾನ್ಯ ಶಾಕ್ ಸಾಕು.

* ಟ್ರೇಲರ್ ಎಳೆಯುವವರು ಕೊಂಡಿಯ ಮೇಲೆ ಬೀಳುವ ಭಾರವನ್ನೂ ಸೇರಿಸಬೇಕು. ಸಾಧಾರಣ ಟ್ರೇಲರ್‌ನಲ್ಲಿ ಇದು ಟ್ರೇಲರ್ ತೂಕದ ಶೇ 10ರಿಂದ 15ರಷ್ಟಿರುತ್ತದೆ.

* ಪೂರ್ತಿ ಹಿಗ್ಗಿದಾಗ ಮತ್ತು ಪೂರ್ತಿ ಕುಗ್ಗಿದಾಗ ಶಾಕ್‌ನ ಉದ್ದ ಎಷ್ಟು ಎಂಬುದನ್ನು ಹೋಲಿಸಿ ನೋಡಿ. ಉದ್ದ ಹೆಚ್ಚಾದರೆ ಸ್ಪ್ರಿಂಗ್ ಪೂರ್ತಿ ಕುಗ್ಗುವ ಮೊದಲೇ ಶಾಕ್ ತಳ ಮುಟ್ಟಿ ಒಡೆಯುತ್ತದೆ.

* ಅಳವಡಿಸಿದ ಮೇಲೆ ಗುಂಡಿ ಕೈಗೆಟುಕುತ್ತದೆಯೇ ಎಂದು ಪರಿಶೀಲಿಸಿ. ತಲುಪಲಾಗದ ಗುಂಡಿಯನ್ನು ಯಾರೂ ತಿರುಗಿಸುವುದಿಲ್ಲ.

ಹೊಂದಿಸುವ ಕ್ರಮ

ಮೊದಲಿಗೆ ನಡುವಿನ ಹಂತದಲ್ಲಿಟ್ಟು, ಪರಿಚಿತ ರಸ್ತೆಯಲ್ಲಿ ಖಾಲಿ ವಾಹನವನ್ನು ಓಡಿಸಿ. ಉಬ್ಬು ದಾಟಿದ ಮೇಲೂ ಹಿಂಭಾಗದ ಓಲಾಟ ಮುಂದುವರಿದರೆ ಬಿಗಿ ಸಾಲದು. ಸಣ್ಣ ಸಣ್ಣ ಏರುತಗ್ಗುಗಳಲ್ಲಿ ಚಕ್ರ ಪುಟಿದು ಹಿಂಭಾಗ ಪಕ್ಕಕ್ಕೆ ಸರಿದರೆ ಬಿಗಿ ಅತಿಯಾಗಿದೆ. ಒಂದು ಸಲಕ್ಕೆ ಒಂದೆರಡು ಹಂತ ಮಾತ್ರ ಬದಲಿಸಿ, ಎಡ ಬಲ ಎರಡನ್ನೂ ಸಮನಾಗಿಡಿ. ಸರಕು ತುಂಬಿ ಇದೇ ಪರೀಕ್ಷೆಯನ್ನು ಪುನರಾವರ್ತಿಸಿ, ಎರಡೂ ಅಂಕಿಗಳನ್ನು ಬರೆದಿಡಿ.

ಸರಕು ಇಳಿಸಿದ ಮೇಲೆ ಗುಂಡಿಯನ್ನು ಹಿಂದಿರುಗಿಸುವುದೇ ಹಲವರು ಮರೆಯುವ ಕೆಲಸ. ಅತಿ ಬಿಗಿಯಲ್ಲಿರುವ ಖಾಲಿ ಟ್ರಕ್ಕಿನ ಹಿಂದಿನ ಚಕ್ರಗಳು ಒರಟು ರಸ್ತೆಯಲ್ಲಿ ನೆಲದೊಂದಿಗಿನ ಹಿಡಿತ ಕಳೆದುಕೊಳ್ಳುತ್ತವೆ. ಹಿಡಿತವಿಲ್ಲದ ಚಕ್ರಕ್ಕೆ ಬ್ರೇಕ್ ಹಾಕಿಯೂ ಪ್ರಯೋಜನವಿಲ್ಲ.

ಇನ್ನೊಂದು ಎಚ್ಚರಿಕೆ. ಮುಂಭಾಗದಲ್ಲಿ ಇಡಿಯಾದ ಆಕ್ಸಲ್ ಇರುವ ಟ್ರಕ್‌ಗಳಲ್ಲಿ ಸ್ಟಿಯರಿಂಗ್ ಚಕ್ರ ವಿಪರೀತವಾಗಿ ಅದುರುವುದುಂಟು. ಸವೆದ ಕೀಲುಗಳು, ಬುಷ್‌ಗಳು ಇದಕ್ಕೆ ಸಾಮಾನ್ಯ ಕಾರಣ. ಹೊಸ ಶಾಕ್ ಅದನ್ನು ಕೆಲಕಾಲ ಮರೆಮಾಚಬಹುದೇ ಹೊರತು ಗುಣಪಡಿಸದು.

ನಿರ್ವಹಣೆ

ಕೆಸರು ಮತ್ತು ತುಕ್ಕಿನಿಂದ ಗುಂಡಿ ಕಚ್ಚಿಕೊಳ್ಳದಂತೆ ಆಗಾಗ ಎಲ್ಲ ಹಂತಗಳಲ್ಲಿಯೂ ತಿರುಗಿಸುತ್ತಿರಬೇಕು. ಹೊರಮೈಯಲ್ಲಿ ಎಣ್ಣೆಯ ತೆಳು ಪಸೆ ಕಂಡರೆ ಆತಂಕ ಬೇಡ. ಎಣ್ಣೆ ಹನಿಯುತ್ತಿದ್ದರೆ ಬದಲಿಸಲೇಬೇಕು. ಟೈರು ಅಲ್ಲಲ್ಲಿ ಬಟ್ಟಲಿನಂತೆ ಸವೆಯುವುದು ಕೂಡ ಶಾಕ್ ಸೋತಿರುವುದರ ಸೂಚನೆಯಾಗಿರಬಹುದು. ಬದಲಿಸುವಾಗ ಒಂದೇ ಆಕ್ಸಲ್‌ನ ಎರಡೂ ಶಾಕ್‌ಗಳನ್ನು ಜೊತೆಯಾಗಿ ಬದಲಿಸಬೇಕು.

ನಮ್ಮ ಪಿಕಪ್‌ಗಳಿಗೆ

ಕರ್ನಾಟಕದ ರಸ್ತೆಗಳಲ್ಲಿ ಅಮೆರಿಕದ ಈ ಟ್ರಕ್‌ಗಳು ಕಾಣಸಿಗುವುದು ಅಪರೂಪ. ಇಲ್ಲಿ ಅಡಿಕೆ, ತರಕಾರಿ, ಸಿಮೆಂಟ್ ಹೊರುವುದು ಮಹೀಂದ್ರ ಬೊಲೆರೊ ಪಿಕಪ್, ಟಾಟಾ ಯೋಧದಂತಹ ವಾಹನಗಳು. ಗಾತ್ರ ಕಿರಿದಾದರೂ ಇವುಗಳ ಹಿಂಭಾಗದಲ್ಲಿರುವುದು ಅದೇ ಪಟ್ಟಿ ಸ್ಪ್ರಿಂಗ್, ಖಾಲಿ ಮತ್ತು ತುಂಬಿದ ಸ್ಥಿತಿಗಳ ನಡುವೆ ಅದೇ ಅಂತರ. ಆದ್ದರಿಂದ ಮೇಲಿನ ತತ್ವಗಳೆಲ್ಲ ಇಲ್ಲಿಗೂ ಅನ್ವಯಿಸುತ್ತವೆ. ಚಾರ್ಮಾಡಿ, ಶಿರಾಡಿಯಂತಹ ಘಟ್ಟಗಳಲ್ಲಿ ಸರಕು ಹೇರಿಕೊಂಡು ಇಳಿಯುವಾಗ, ಸೋತ ಶಾಕ್‌ಗಳು ತಿರುವಿನಲ್ಲಿ ವಾಹನ ವಾಲುವ ರಭಸವನ್ನು ತಡೆಯಲಾರವು. ಹೊಂದಾಣಿಕೆಯ ಶಾಕ್ ಸಿಗದಿದ್ದರೂ ಸವೆದವುಗಳನ್ನು ಸಕಾಲದಲ್ಲಿ ಬದಲಿಸುವುದು ಮೊದಲ ಕರ್ತವ್ಯ.

ಶಾಕ್ ಬಿಗಿಯಾಗಿದೆ ಎಂದು ಹೆಚ್ಚು ಹೇರುವಂತಿಲ್ಲ. 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಮಿತಿಮೀರಿದ ಭಾರಕ್ಕೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂಪಾಯಿ ದಂಡವಿದೆ. ನೋಂದಣಿ ಪತ್ರದಲ್ಲಿ ನಮೂದಾಗಿರುವ ತೂಕವೇ ಅಂತಿಮ. ಅದರ ಮಿತಿಯೊಳಗೆ, ಭಾರ ಪದೇ ಪದೇ ಏರಿಳಿಯುವ ವಾಹನಕ್ಕೆ ಹೊಂದಾಣಿಕೆಯ ಶಾಕ್ ಸಾರ್ಥಕ ಖರ್ಚು. ಉಳಿದವರಿಗೆ ಆ ಹಣವನ್ನು ಒಳ್ಳೆಯ ಟೈರು ಮತ್ತು ಬ್ರೇಕ್‌ಗೆ ವಿನಿಯೋಗಿಸುವುದೇ ಲೇಸು.